ಹಲಸಿನ ಹಪ್ಪಳ: ಅಮ್ಮನ ಕೂಲಿಯೂ ಲೆಕ್ಕಕ್ಕೆ ಬರಲಿ

ನಮ್ಮ ಊರುಗಳಲ್ಲಿ ಯಾವ ಮನೆಗೆ ಹೋದರೂ ಏನಾದರೊಂದು ಕೈಕೆಲಸದಲ್ಲಿ ಪಳಗಿದ ಒಬ್ಬ ಅಮ್ಮ ಇದ್ದೇ ಇರುತ್ತಾರೆ. ಒಬ್ಬರ ಮಿಡಿ ಉಪ್ಪಿನಕಾಯಿ ಎರಡು ವರ್ಷ ಕೆಡುವುದಿಲ್ಲ. ಇನ್ನೊಬ್ಬರು ಕಟ್ಟಿದ ಮಲ್ಲಿಗೆಯ ಮಾಲೆ ಅಳತೆ ಇಟ್ಟ ಹಾಗೆ ಇರುತ್ತದೆ. ಮತ್ತೊಬ್ಬರ ಹಪ್ಪಳ ಎಣ್ಣೆಗೆ ಬಿದ್ದ ಕೂಡಲೇ ಅರಳುತ್ತದೆ. ನೆಂಟರು ಬಂದಾಗ "ನಿಮ್ಮ ಹಪ್ಪಳವೇ ಹಪ್ಪಳ" ಅಂತ ಹೊಗಳಿ, ಹೋಗುವಾಗ ಒಂದು ಕಟ್ಟು ಕೇಳಿ ತೆಗೆದುಕೊಂಡು ಹೋಗುತ್ತಾರೆ. ಹೊಗಳಿಕೆಗೆ ಬರ ಇಲ್ಲ. ಕೈಗೆ ನಾಲ್ಕು ಕಾಸು ಬರುವ ವಿಚಾರ ಬಂದಾಗ ಮಾತ್ರ "ಮನೆಯಲ್ಲಿ ಸುಮ್ಮನೆ ಕೂತು ಮಾಡುವುದಲ್ವಾ, ಅದಕ್ಕೆಂತ ಖರ್ಚು?" ಎಂಬ ಪ್ರಶ್ನೆ ಎದ್ದು ಬರುತ್ತದೆ.

ಈ ಪ್ರಶ್ನೆಗೆ ಉತ್ತರ ಬರೆಯಬೇಕು ಅಂತಲೇ ಈ ಲೇಖನ. ನಮ್ಮದು ಸಣ್ಣ ಅಡಿಕೆ ತೋಟ. ಬೇಲಿಯ ಬದಿಯಲ್ಲೂ ಗುಡ್ಡದಲ್ಲೂ ಹಲಸಿನ ಮರಗಳು ಉಂಟು. ನಾನು, ನಮ್ಮ ಅತ್ತೆ, ನೆರೆಮನೆಯ ಒಬ್ಬರು ಅಕ್ಕ, ಹೀಗೆ ಮೂರು ಜನ ಬೇಸಗೆಯಲ್ಲಿ ಹಲಸಿನ ಹಪ್ಪಳ ಮಾಡಿ ಮಾರುತ್ತೇವೆ. ಮಾಡಲಿಕ್ಕೆ ಮೂವರಿಗೂ ಇಷ್ಟ. ಇಷ್ಟದ ಕೆಲಸ ಉದ್ಯೋಗ ಆಗಬೇಕಾದರೆ ರುಚಿ ಒಂದೇ ಸಾಲದು. ಯಾವ ಕೆಲಸ ಹಿಡಿಯಬೇಕು, ಎಷ್ಟು ಮಾಡಬೇಕು, ಎಷ್ಟಕ್ಕೆ ಮಾರಬೇಕು, ದುಡ್ಡು ಯಾರ ಕೈಗೆ ಬರಬೇಕು ಎಂಬ ನಾಲ್ಕು ವಿಚಾರ ಗಟ್ಟಿ ಇರಬೇಕು.

ಏಳು ಹೆಂಗಸರ ಮಾಳಿಗೆ

ಮೊದಲಿಗೆ ನಮಗೆಲ್ಲ ಗೊತ್ತಿರುವ ಒಂದು ಹಪ್ಪಳದ ಹುಟ್ಟನ್ನು ನೋಡೋಣ. ಮುಂಬಯಿಯ ಗಿರ್ಗಾಂವ್‌ನಲ್ಲಿ 1959ರ ಮಾರ್ಚ್ 15ರಂದು ಏಳು ಜನ ಗುಜರಾತಿ ಗೃಹಿಣಿಯರು ತಾವಿದ್ದ ಕಟ್ಟಡದ ಮಾಳಿಗೆಯಲ್ಲಿ ಕೂತು ಹಪ್ಪಳ ಲಟ್ಟಿಸಲಿಕ್ಕೆ ಶುರು ಮಾಡಿದರು. ಬಂಡವಾಳ ಸಾಲ ತಂದ 80 ರೂಪಾಯಿ. ಅವರಿಗೆ ಗೊತ್ತಿದ್ದ ವಿದ್ಯೆ ಅಡುಗೆಯದ್ದು ಮಾತ್ರ. ಅದೇ ಮುಂದೆ ಲಿಜ್ಜತ್ ಪಾಪಡ್ ಆಯಿತು. ಇವತ್ತು ಆ ಸಂಸ್ಥೆಯಲ್ಲಿ 40 ಸಾವಿರಕ್ಕೂ ಹೆಚ್ಚು ಹೆಂಗಸರು ದುಡಿಯುತ್ತಾರೆ. ಆ ಏಳು ಜನರಲ್ಲಿ ಒಬ್ಬರಾದ ಜಸ್ವಂತಿಬೆನ್ ಜಮ್ನಾದಾಸ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು.

ದೊಡ್ಡದಾದ ಕತೆ ಎಲ್ಲರೂ ಹೇಳುತ್ತಾರೆ. ನಮ್ಮಂಥವರಿಗೆ ಬೇಕಾದದ್ದು ಅವರ ಮೊದಲ ಎರಡು ವರ್ಷದ ಸಂಗತಿ. ಮೊದಲ ವರ್ಷ ಮಳೆ ಹಿಡಿದಾಗ ಹಪ್ಪಳ ಒಣಗಲಿಲ್ಲ, ನಾಲ್ಕು ತಿಂಗಳು ಕೆಲಸ ನಿಂತಿತು. ಮರುವರ್ಷ ಒಂದು ಮಂಚ, ಒಂದು ಸ್ಟವ್ ತಂದರು. ಮಂಚದ ಮೇಲೆ ಹಪ್ಪಳ ಹರಡಿ, ಕೆಳಗೆ ಸ್ಟವ್ ಉರಿಸಿ ಮಳೆಯಲ್ಲೂ ಒಣಗಿಸಿದರು. ನಾವು ಅಡಿಕೆಗೂ ಕೊಬ್ಬರಿಗೂ ಮಾಡುವ ಉಪಾಯಕ್ಕೆ ಹತ್ತಿರದ್ದೇ!

ಇನ್ನೊಂದು ಸಂಗತಿ. ಶುರುವಿಗೆ ಅವರು ಒಳ್ಳೆಯ ಹಪ್ಪಳದ ಜತೆಗೆ ಕಡಿಮೆ ಬೆಲೆಯ ಎರಡನೇ ದರ್ಜೆಯದ್ದನ್ನೂ ಮಾಡುತ್ತಿದ್ದರು. ಅವರಿಗೆ ದಾರಿ ತೋರಿದ ಛಗನ್‌ಲಾಲ್ ಪಾರೇಖ್ ಎಂಬ ಹಿರಿಯರು, ಒಂದೇ ಗುಣಮಟ್ಟದ್ದನ್ನು ಮಾಡಿ, ಇದನ್ನು ವ್ಯಾಪಾರ ಅಂತಲೇ ತಿಳಿದು ಸರಿಯಾಗಿ ಲೆಕ್ಕ ಇಡಿ ಎಂದು ಬುದ್ಧಿ ಹೇಳಿದರು. ದಾನಕ್ಕೆ ಕೈ ಚಾಚುವುದಿಲ್ಲ ಎಂಬ ನಿರ್ಧಾರವನ್ನು ಆ ಹೆಂಗಸರು ಮೊದಲೇ ಮಾಡಿದ್ದರು. ಒಂದೇ ಗುಣಮಟ್ಟ, ಸರಿಯಾದ ಲೆಕ್ಕ, ಯಾರ ಹಂಗೂ ಇಲ್ಲ. ಮೂರು ಮಾತೂ ನಮ್ಮ ಚಾವಡಿಗೆ ಸರಿಯಾಗಿ ಹೊಂದುತ್ತವೆ.

ಇಷ್ಟವೂ ಬೇಕು, ಹೊತ್ತೂ ಹೊಂದಬೇಕು

ಏನು ಮಾಡಲಿ ಅಂತ ಕೇಳುವ ತಾಯಂದಿರು ಬಹಳ. "ನಿಮಗೆ ಯಾವುದು ಇಷ್ಟ?" ಅಂತ ಕೇಳಿದರೆ ಅರ್ಧ ಉತ್ತರ ಸಿಕ್ಕಿತು. "ನಿಮ್ಮ ದಿನದಲ್ಲಿ ಯಾವ ಹೊತ್ತು ನಿಮ್ಮದು?" ಎಂಬುದು ಉಳಿದರ್ಧ. ಪ್ರತಿ ಕೆಲಸಕ್ಕೂ ಅದರದ್ದೇ ಹೊತ್ತು ಉಂಟು. ಅದು ಮನೆಯ ಹೊತ್ತಿಗೆ ಹೊಂದದಿದ್ದರೆ ಎಷ್ಟು ಇಷ್ಟ ಇದ್ದರೂ ಆರು ತಿಂಗಳಲ್ಲಿ ಸಾಕಾಗಿ ಹೋಗುತ್ತದೆ.

ಉಡುಪಿ ಕಡೆಯ ಶಂಕರಪುರ ಮಲ್ಲಿಗೆಯನ್ನೇ ನೋಡಿ. ಅಂಗಳದ ಬದಿಯ ಕೆಲವೇ ಗಿಡಗಳಿಂದ ಸಂಸಾರಕ್ಕೆ ಆಧಾರ ಮಾಡಿಕೊಂಡ ಹೆಂಗಸರು ಅಲ್ಲಿ ಎಷ್ಟೋ ಜನ. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೊತ್ತಿಗೆ ಸರಿಯಾಗಿ ಕಟ್ಟೆಗೆ ತಲುಪಿಸಬೇಕು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ದಿನದಿನಕ್ಕೆ ಬೇರೆ. ಗಿಡದ ಮೇಲೆ ಪ್ರೀತಿ ಇದ್ದವರಿಗೆ, ಬೆಳಗಿನ ಹೊತ್ತು ಬಿಡುವಿದ್ದವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಶಾಲೆಗೆ ಹೋಗುವ ಮಕ್ಕಳನ್ನು ಒಬ್ಬರೇ ಹೊರಡಿಸಬೇಕಾದ ಮನೆಯಲ್ಲಿ ಅದೇ ಹೊತ್ತು ಹೂವಿಗೂ ಬೇಕು, ಮಕ್ಕಳಿಗೂ ಬೇಕು.

ಹೊಲಿಗೆ ಹಾಗಲ್ಲ. ಅರ್ಧದಲ್ಲಿ ಬಿಟ್ಟು ಎದ್ದು ಹೋಗಬಹುದು, ರಾತ್ರಿ ಮತ್ತೆ ಕೂರಬಹುದು. ತೊಟ್ಟಿಲ ಮಗು ಇರುವ ಮನೆಗೂ ಆದೀತು. ಮಿಡಿ ಉಪ್ಪಿನಕಾಯಿ ವರ್ಷಕ್ಕೊಮ್ಮೆ ಬರುವ ಕೆಲಸ, ಆದರೆ ಒಳ್ಳೆಯ ಮಿಡಿಗೆ ಒಮ್ಮೆಗೇ ದೊಡ್ಡ ಮೊತ್ತ ಹಾಕಬೇಕು. ಉತ್ತರ ಕರ್ನಾಟಕದಲ್ಲಿ ಕಡಕ್ ರೊಟ್ಟಿಯನ್ನು ಎಷ್ಟೋ ತಾಯಂದಿರು ಉದ್ಯೋಗ ಮಾಡಿಕೊಂಡಿದ್ದಾರೆ. ಅದು ದಿನವಹಿ ಕೆಲಸ, ಒಲೆಯ ಮುಂದೆ ಗಂಟೆಗಟ್ಟಲೆ ಕೂರಬೇಕು. ಅದರ ದುಡ್ಡೂ ಆಗಾಗ ಕೈಗೆ ಬರುತ್ತದೆ.

ಹಲಸಿನ ಹಪ್ಪಳ ಬೇಸಗೆಯದ್ದು. ಮಕ್ಕಳಿಗೆ ರಜೆ, ಅಡಿಕೆ ಕೊಯ್ಲು ಮುಗಿಯುತ್ತಾ ಬಂದಿರುತ್ತದೆ, ಅಂಗಳ ಖಾಲಿ, ಬಿಸಿಲು ಧರ್ಮಕ್ಕೆ. ಕಚ್ಚಾ ಮಾಲು ನಮ್ಮದೇ ಮರದಲ್ಲಿ. ನಾವು ಇದನ್ನು ಹಿಡಿದ ಕಾರಣ ಇಷ್ಟೇ. ಅತ್ತೆಯ ಕೈಗುಣವೂ ಅದರಲ್ಲೇ ಇತ್ತು.

ಹಪ್ಪಳ ಹಾಳಾಗುವ ನಾಲ್ಕು ಕಡೆ

ಮಾಡುವ ಕ್ರಮ ನಮ್ಮ ಓದುಗರಲ್ಲಿ ಅರ್ಧ ಜನಕ್ಕೆ ನನಗಿಂತ ಚೆನ್ನಾಗಿ ಗೊತ್ತು. ಮನೆಖರ್ಚಿಗೆ ಮಾಡುವುದಕ್ಕೂ ಮಾರಲಿಕ್ಕೆ ಮಾಡುವುದಕ್ಕೂ ವ್ಯತ್ಯಾಸ ಬರುವ ಜಾಗಗಳನ್ನು ಮಾತ್ರ ಹೇಳುತ್ತೇನೆ.

ಒಂದು, ಕಾಯಿಯ ಬಲಿತ. ಪೂರ್ತಿ ಬಲಿತಿರಬೇಕು, ಹಣ್ಣಿನ ಅಂಶ ಶುರು ಆಗಿರಬಾರದು. ಮುಳ್ಳು ಬಿಡಿಸಿಕೊಂಡು ಅಗಲ ಆಗಿರಬೇಕು, ತಟ್ಟಿದರೆ ಸ್ವರ ಬದಲಾಗಿರಬೇಕು. ಸೊಳೆಗೆ ಸಿಹಿ ಬಂದರೆ ಹಪ್ಪಳ ಕಾಯಿಸುವಾಗ ಕೆಂಪಾಗುತ್ತದೆ, ಅರಳುವುದಿಲ್ಲ. ಬಕ್ಕೆ ಜಾತಿಯಾದರೆ ಕೆಲಸ ಸಲೀಸು. ತುಳುವನದ್ದೂ ಆಗುತ್ತದೆ, ಬಲಿತ ಗುರುತಿಸುವಲ್ಲಿ ಮಾತ್ರ ಹೆಚ್ಚು ಜಾಗ್ರತೆ ಬೇಕು. ಮರಮರಕ್ಕೂ ಗುಣ ಬೇರೆ. ಯಾವ ಮರದ ಕಾಯಿಯಲ್ಲಿ ಹಪ್ಪಳ ಹೇಗೆ ಬಂತು ಅಂತ ಪುಸ್ತಕದಲ್ಲಿ ಬರೆದಿಡಿ. ಮಾರುವ ಹಪ್ಪಳಕ್ಕೆ ಚೆನ್ನಾಗಿ ಬಂದ ಎರಡು ಮೂರು ಮರ ಸಾಕು.

ಎರಡು, ನೀರು. ಸೊಳೆಯನ್ನು ಅಟ್ಟಿನಳಗೆಯಲ್ಲಿ ಹಬೆಯಲ್ಲೇ ಬೇಯಿಸಬೇಕು. ಬಿಸಿ ಇರುವಾಗಲೇ ಉಪ್ಪು, ಮೆಣಸು, ಜೀರಿಗೆ, ಕೊತ್ತಂಬರಿ ಹಾಕಿ ಕಡೆಯಬೇಕು. ಹಿಂದೆ ಒರಳಲ್ಲಿ ಗುದ್ದುತ್ತಿದ್ದರು, ಈಗ ಗ್ರೈಂಡರ್. ತಿರುಗುವುದಿಲ್ಲ ಅಂತ ನೀರು ಹಾಕಿದರೆ ಹಿಟ್ಟು ಸಡಿಲಾಗಿ, ಒಣಗಿದ ಮೇಲೆ ಹಪ್ಪಳ ಬಿರಿಯುತ್ತದೆ.

ಮೂರು, ಗಾತ್ರ. ಮನೆಗಾದರೆ ಒಂದು ದೊಡ್ಡದು, ಒಂದು ಚಿಕ್ಕದು ನಡೆಯುತ್ತದೆ. ದುಡ್ಡು ಕೊಡುವವರು ಎಣಿಸುತ್ತಾರೆ, ತೂಗುತ್ತಾರೆ. ಉಂಡೆ ಒಂದೇ ಅಳತೆಯದ್ದಾಗಲು ಒಂದು ಚಿಕ್ಕ ಗಿಂಡಿ ಇಟ್ಟುಕೊಳ್ಳಿ. ಮಣೆಯಲ್ಲಿ ಒತ್ತುವ ಕೈ ಒಂದೇ ಇದ್ದರೆ ದಪ್ಪವೂ ಒಂದೇ ಬರುತ್ತದೆ. ನಮ್ಮಲ್ಲಿ ಒತ್ತುವುದು ಯಾವತ್ತೂ ಅಕ್ಕನದ್ದೇ ಕೆಲಸ.

ನಾಲ್ಕು, ಒಣಗು. ಎರಡು ಒಳ್ಳೆಯ ಬಿಸಿಲು ಬೇಕು. ಮಗುಚಿ ಹಾಕಿ ಎರಡೂ ಮೈ ಒಣಗಿಸಬೇಕು. ಮುರಿದರೆ "ಟಕ್" ಅಂತ ಸ್ವರ ಬರಬೇಕು, ಬಗ್ಗಿದರೆ ಆಗಿಲ್ಲ ಅಂತ ಅರ್ಥ. ಡಬ್ಬಿಯಲ್ಲಿ ಹಾಕಿಟ್ಟದ್ದನ್ನು ಕಟ್ಟುವ ಮೊದಲು ಮತ್ತೊಮ್ಮೆ ಬಿಸಿಲು ತೋರಿಸಿ, ಪೂರ್ತಿ ಆರಿದ ಮೇಲೆ ಲಕೋಟೆಗೆ ಹಾಕಿ. ಬಿಸಿ ಇರುವಾಗಲೇ ಕಟ್ಟಿದರೆ ಒಳಗೆ ಬೆವರಿ ಬೂಸು ಬರುತ್ತದೆ. ಒಂದು ಕಟ್ಟಿನಲ್ಲಿ ಬೂಸು ಕಂಡ ಗಿರಾಕಿ ಆಮೇಲೆ ಹತ್ತು ಮನೆಯಲ್ಲಿ ಹೇಳುತ್ತಾರೆ.

ಲೆಕ್ಕ: ಬೆವರಿಗೂ ಒಂದು ಸಾಲು

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇದು ನಮ್ಮ ಮನೆಯ ಪುಸ್ತಕದ ಲೆಕ್ಕ. ನಿಮ್ಮ ಊರಿನ ದರ, ನಿಮ್ಮ ಮರದ ಕಾಯಿ ಬೇರೆ ಇರಬಹುದು. ಅಂಕೆ ಬದಲಿಸಿಕೊಳ್ಳಿ, ಸಾಲುಗಳನ್ನು ಮಾತ್ರ ಬಿಡಬೇಡಿ.

ಒಂದು ಸುತ್ತಿಗೆ ನಾವು 10 ಕಿಲೋದ ಆಸುಪಾಸಿನ ನಾಲ್ಕು ಕಾಯಿ ಹಿಡಿಯುತ್ತೇವೆ. ಸುಮಾರು 300 ಹಪ್ಪಳ ಆಗುತ್ತದೆ. ಹರಿದದ್ದು, ಬಿರಿದದ್ದು ತೆಗೆದರೆ ಮಾರಲಿಕ್ಕೆ 275 ಸಿಗುತ್ತದೆ. ಅಂದರೆ 25ರ 11 ಕಟ್ಟು. ಹರಿದದ್ದು ಮಕ್ಕಳಿಗೆ, ಬೇಳೆ ಸಾರಿಗೆ, ಸಿಪ್ಪೆ ಮತ್ತು ರಚ್ಚೆ ದನಗಳಿಗೆ.

ಖರ್ಚು ಹೀಗೆ:

ಹಲಸಿನಕಾಯಿ 4 (ಮಾರಿದರೆ ಸಿಗುವ ದರ ತಲಾ ರೂ. 30) – ರೂ. 120
ಉಪ್ಪು, ಮೆಣಸು, ಜೀರಿಗೆ, ಕೊತ್ತಂಬರಿ, ಎಣ್ಣೆ – ರೂ. 80
ಸೌದೆ, ಕರೆಂಟು – ರೂ. 60
ಲಕೋಟೆ, ಚೀಟಿ (11 ಕಟ್ಟಿಗೆ ತಲಾ ರೂ. 4) – ರೂ. 44
ಗ್ರೈಂಡರ್, ಮಣೆ, ಚಾಪೆ, ಪ್ಲಾಸ್ಟಿಕ್ ಹಾಳೆಯ ಸವಕಳಿ – ರೂ. 40
ಸಾಗಾಟ (ಕಟ್ಟಿಗೆ ರೂ. 3) – ರೂ. 33
ಒಟ್ಟು – ರೂ. 377

ಹೆಚ್ಚಿನವರು ಇಲ್ಲಿಗೇ ಗೆರೆ ಎಳೆಯುತ್ತಾರೆ. 377ನ್ನು 11ರಿಂದ ಭಾಗಿಸಿದರೆ ಕಟ್ಟಿಗೆ 34 ರೂಪಾಯಿ ಚಿಲ್ಲರೆ. ಅಂಗಡಿಯವರು 70 ಕೊಡುತ್ತೇನೆ ಅಂದರೆ "ಅಬ್ಬಾ, ಒಂದಕ್ಕೆ ಎರಡು ಸಿಕ್ಕಿತು!" ಅಂತ ಖುಷಿ. ಮನೆಯವರೂ ಖುಷಿ.

ಇನ್ನೊಂದು ಪಟ್ಟಿ ಉಂಟು, ನೋಡಿ. ಇದು ಗಂಟೆಯ ಲೆಕ್ಕ. ಮೂವರದ್ದೂ ಸೇರಿಸಿ ಬರೆದದ್ದು:

ಕಾಯಿ ಇಳಿಸುವುದು, ಕೊರೆಯುವುದು, ಸೊಳೆ ಬಿಡಿಸುವುದು – 5 ಗಂಟೆ
ಬೇಯಿಸುವುದು, ಕಡೆಯುವುದು – 3 ಗಂಟೆ
ಉಂಡೆ ಮಾಡುವುದು, ಒತ್ತುವುದು, ಹರಡುವುದು – 5 ಗಂಟೆ
ಎರಡು ದಿನ ಮಗುಚುವುದು, ಕಾಗೆ ಕೋಳಿ ಓಡಿಸುವುದು, ಒಳಗೆ ತರುವುದು – 2 ಗಂಟೆ
ಆರಿಸುವುದು, ಕಟ್ಟುವುದು – 1 ಗಂಟೆ
ಒಟ್ಟು – 16 ಗಂಟೆ

ಕಟ್ಟಿಗೆ 70ರಂತೆ 11 ಕಟ್ಟಿಗೆ ರೂ. 770 ಬಂತು. ಖರ್ಚು 377 ಕಳೆದರೆ 393. ಅದನ್ನು 16 ಗಂಟೆಗೆ ಹಂಚಿದರೆ ಗಂಟೆಗೆ 25 ರೂಪಾಯಿಗೂ ಕಡಿಮೆ. ಎಂಟು ಗಂಟೆ ಕೂತರೆ 200 ರೂಪಾಯಿಯೂ ಇಲ್ಲ. ಈ ಸಂಬಳಕ್ಕೆ ಹೊರಗಿನ ಒಬ್ಬರನ್ನು ಕರೆದು ನೋಡಿ. ಬರುತ್ತಾರೆಯೇ? ಬರುವುದಿಲ್ಲ. ಮತ್ತೆ ಮನೆಯ ಹೆಂಗಸು ಯಾಕೆ ಬರಬೇಕು?

ನಾವು ಗಂಟೆಗೆ 50 ರೂಪಾಯಿ, ಅಂದರೆ ಎಂಟು ಗಂಟೆಯ ದಿನಕ್ಕೆ 400 ಅಂತ ಹಿಡಿಯುತ್ತೇವೆ. 16 ಗಂಟೆಗೆ ರೂ. 800. ಇದನ್ನು 377ಕ್ಕೆ ಸೇರಿಸಿದರೆ ರೂ. 1177. ಕಟ್ಟಿಗೆ ಬಿದ್ದ ಅಸಲು ರೂ. 107. ಇದು ನಮ್ಮ ಹಪ್ಪಳದ ನಿಜವಾದ ಅಸಲು. ಇದಕ್ಕಿಂತ ಕೆಳಗೆ ಮಾರಿದರೆ ನಷ್ಟ ಕಾಣುವುದಿಲ್ಲ ಅಷ್ಟೇ, ಇಲ್ಲದೆ ಇರುವುದಿಲ್ಲ. ಆ ನಷ್ಟ ಅಮ್ಮನ ಸೊಂಟದಲ್ಲಿ, ನಿದ್ದೆಯಲ್ಲಿ ಹೋಗಿರುತ್ತದೆ.

ಹಲಸಿನಕಾಯಿಗೆ ಯಾಕೆ ದರ ಹಾಕಿದಿರಿ, ಮನೆಯದ್ದೇ ಅಲ್ವಾ ಅಂತ ಕೆಲವರು ಕೇಳುವುದುಂಟು. ಮರದಡಿ ಬಿದ್ದು ಕೊಳೆಯುವಾಗ ಅದಕ್ಕೆ ದರ ಇಲ್ಲ, ಸರಿ. ಮುಂದೆ ಬೇಡಿಕೆ ಹೆಚ್ಚಿ ನೆರೆಯವರಿಂದ ಕಾಯಿ ತರಬೇಕಾಗಿ ಬಂದರೆ ದುಡ್ಡು ಕೊಡಲೇಬೇಕು. ಆಗ ಬೆಲೆ ಏರಿಸಿದರೆ ಗಿರಾಕಿ ಒಪ್ಪುವುದಿಲ್ಲ. ಮೊದಲೇ ಹಾಕಿಟ್ಟರೆ ಆ ತಾಪತ್ರಯ ಇಲ್ಲ.

ಬೆಲೆ ಕಟ್ಟುವುದು, ಮಾರುವುದು

ಅಸಲು 107 ಇದ್ದರೆ ಮಾರುವ ಬೆಲೆ ಎಷ್ಟು? ನಾವು ಕಟ್ಟಿಗೆ 140 ಇಟ್ಟಿದ್ದೇವೆ. ಅಂಗಡಿಯವರಿಗೆ ಶೇ. 20 ಕಮಿಶನ್ ಬಿಟ್ಟರೆ ನಮಗೆ 112 ಬರುತ್ತದೆ, ಕೂಲಿ ಕಳೆದು 5 ರೂಪಾಯಿ ಉಳಿಯುತ್ತದೆ. ಗಿರಾಕಿಗೆ ನೇರ ಕೊಟ್ಟರೆ 33 ಉಳಿಯುತ್ತದೆ. ಅದಕ್ಕೇ ಅರ್ಧವಾದರೂ ನೇರ ಮಾರಬೇಕು ಎಂಬುದು ನಮ್ಮ ಹಠ. ದೂರದ ಊರಿಗೆ ಕಳಿಸುವಾಗ ಅಂಚೆ ಖರ್ಚು ತೆಗೆದುಕೊಳ್ಳುವವರದ್ದು.

"ಮಾರಾಯ್ತಿ, 140 ಕೊಟ್ಟು ಯಾರು ತೆಗೀತಾರೆ?" ಅಂತ ಅತ್ತೆಯವರೇ ಮೊದಲು ಕೇಳಿದ್ದು. ಮೇ ತಿಂಗಳಲ್ಲಿ ಯಾರೂ ತೆಗೆಯುವುದಿಲ್ಲ ಎಂಬುದು ಸರಿಯೇ, ಆಗ ಮನೆಮನೆಯಲ್ಲೂ ಹಪ್ಪಳ. ಮಳೆ ಹಿಡಿದು, ಆಟಿ ತಿಂಗಳಲ್ಲಿ ಹೊರಗೆ ಕಾಲಿಡಲಿಕ್ಕಾಗದೆ ಬಾಯಿ ಚಪಲ ಹೆಚ್ಚುವಾಗ ಹಪ್ಪಳ ನೆನಪಾಗುತ್ತದೆ. ಹಾಗಾಗಿ ಬೇಸಗೆಯಲ್ಲಿ ಮಾಡಿದ್ದನ್ನು ಮಳೆಗಾಲಕ್ಕೆ ಕಾದು ಮಾರಬೇಕು. ಅಷ್ಟು ದಿನ ಹಾಕಿದ ದುಡ್ಡು ಡಬ್ಬಿಯಲ್ಲಿ ಕೂತಿರುತ್ತದೆ. ಮನೆಖರ್ಚಿನ ದುಡ್ಡನ್ನು ಇದಕ್ಕೆ ಹಾಕಿದವರು ಕಾಯಲಾರದೆ ಮೇ ತಿಂಗಳಲ್ಲೇ ಅರ್ಧ ಬೆಲೆಗೆ ಕೊಡಬೇಕಾಗುತ್ತದೆ. ಮೊದಲ ವರ್ಷ ಚಿಕ್ಕದಾಗಿ ಮಾಡಿ, ಅದರಲ್ಲಿ ಬಂದದ್ದನ್ನೇ ಮರುವರ್ಷದ ಬಂಡವಾಳ ಮಾಡಿಕೊಳ್ಳುವುದು ಒಳ್ಳೆಯದು.

ಅಂಗಡಿಯ ವಿಚಾರದಲ್ಲಿ ಒಂದು ಅನುಭವ. ಪೇಟೆಯ ಒಂದು ಅಂಗಡಿಯವರು 30 ಕಟ್ಟು ಇಟ್ಟುಕೊಂಡು ಮೂರು ತಿಂಗಳು ದುಡ್ಡು ಕೊಡಲಿಲ್ಲ. ಕೇಳಿದಾಗಲೆಲ್ಲ "ಮಾರಿಲ್ಲ ಅಕ್ಕ" ಎಂಬ ಉತ್ತರ. ಕಡೆಗೆ ಪುಡಿಯಾದ ಎಂಟು ಕಟ್ಟು ವಾಪಸು ಬಂತು. ಆ ಮೇಲೆ ನಮ್ಮಲ್ಲಿ ಒಂದೇ ಕಟ್ಟಳೆ: ಒಮ್ಮೆಗೆ ಹತ್ತು ಕಟ್ಟು, ಹಿಂದಿನದ್ದರ ಹಣ ಬಂದ ಮೇಲೆ ಮುಂದಿನ ಹತ್ತು. ಒಪ್ಪಿದ ಅಂಗಡಿಗಳು ನಾಲ್ಕು ಉಳಿದುಕೊಂಡಿವೆ. ಸಾಕು.

ನೇರ ಮಾರಾಟಕ್ಕೆ ಈಗ ಫೋನು ದೊಡ್ಡ ಉಪಕಾರ. ಊರು ಬಿಟ್ಟು ಬೆಂಗಳೂರು, ಮೈಸೂರಲ್ಲಿ ನೆಲೆಸಿದ ನಮ್ಮ ಕಡೆಯವರಿಗೆ ಈ ರುಚಿ ಸಿಗುವುದಿಲ್ಲ. ಒಬ್ಬರಿಗೆ ಹೋದ ಪೊಟ್ಟಣ ಇನ್ನೊಬ್ಬರ ವಿಳಾಸ ತರುತ್ತದೆ. ವಾಟ್ಸಪ್‌ನಲ್ಲಿ ಕೇಳುತ್ತಾರೆ, ದುಡ್ಡೂ ಫೋನಿನಲ್ಲೇ ಬರುತ್ತದೆ. ಒಂದು ಎಚ್ಚರಿಕೆ: ಹಣ ಬರಬೇಕಾದರೆ ಯಾರೂ ನಿಮ್ಮ ಗುಟ್ಟಿನ ನಂಬರು ಕೇಳುವುದಿಲ್ಲ. ಕೇಳಿದರೆ ಅದು ಮೋಸ, ಫೋನು ಇಟ್ಟುಬಿಡಿ.

ಕಾಗದ ಪತ್ರ

ತಿನ್ನುವ ವಸ್ತು ಮಾರುವವರು ಮನೆಯಲ್ಲೇ ಮಾಡಿದರೂ ಆಹಾರ ಸುರಕ್ಷತೆಯ ನೋಂದಣಿ ಮಾಡಿಸಬೇಕು. ಇದು 2006ರ ಕಾಯಿದೆ, 2011ರಿಂದ ನೋಂದಣಿಯ ನಿಯಮ ಜಾರಿಗೆ ಬಂತು. ಸಣ್ಣವರಿಗೆ ಲೈಸೆನ್ಸ್ ಬೇಡ, ಬರೇ ನೋಂದಣಿ ಸಾಕು. 2011ರ ನಿಯಮದಲ್ಲಿ ಈ ಸಣ್ಣವರು ಎಂದರೆ ವರ್ಷಕ್ಕೆ 12 ಲಕ್ಷ ರೂಪಾಯಿ ತನಕ ವ್ಯಾಪಾರ ಇರುವವರು, ಶುಲ್ಕ ವರ್ಷಕ್ಕೆ 100 ರೂಪಾಯಿ. ಇಂಥ ಮಿತಿ, ಶುಲ್ಕಗಳು ನಡುನಡುವೆ ಬದಲಾಗುವುದರಿಂದ ಅರ್ಜಿ ಹಾಕುವಾಗ ವಿಚಾರಿಸಿಕೊಳ್ಳಿ. ಫೋಟೊ, ಗುರುತಿನ ಚೀಟಿ ಕೊಟ್ಟು ಕಂಪ್ಯೂಟರಿನಲ್ಲಿ ಅರ್ಜಿ ಹಾಕಬಹುದು. 14 ಅಂಕೆಯ ನಂಬರು ಕೊಡುತ್ತಾರೆ. ನೋಂದಣಿ ತಾಯಿಯ ಹೆಸರಿನಲ್ಲೇ ಇರಲಿ.

ಕಟ್ಟಿನ ಚೀಟಿಯಲ್ಲಿ ಇರಬೇಕಾದದ್ದು: ವಸ್ತುವಿನ ಹೆಸರು, ಏನೇನು ಹಾಕಿದೆ (ಹೆಚ್ಚು ಇರುವುದು ಮೊದಲು), ನಿವ್ವಳ ತೂಕ, ತಯಾರಿಸಿದ ದಿನ, ಎಷ್ಟು ದಿನದೊಳಗೆ ಉತ್ತಮ, ಬೆಲೆ, ಮಾಡಿದವರ ಹೆಸರು ವಿಳಾಸ, ನೋಂದಣಿಯ ನಂಬರು, ಸಸ್ಯಾಹಾರದ ಹಸಿರು ಗುರುತು. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ ಎಂಬುದು ನಮ್ಮ ಪುಣ್ಯ.

ಸಹಾಯಧನದ ಬಗ್ಗೆಯೂ ಕೇಳುತ್ತಾರೆ. ಕಿರು ಆಹಾರ ಉದ್ಯಮಗಳಿಗೆಂದು ಕೇಂದ್ರ ಸರಕಾರ 2020ರಲ್ಲಿ ಒಂದು ಯೋಜನೆ ಶುರು ಮಾಡಿತು. ಬ್ಯಾಂಕ್ ಸಾಲದ ಮೇಲೆ ಯೋಜನಾ ವೆಚ್ಚದ ಶೇ. 35ರಷ್ಟು, ಹೆಚ್ಚೆಂದರೆ 10 ಲಕ್ಷ ರೂಪಾಯಿ ಸಹಾಯಧನ, ಸ್ವಸಹಾಯ ಸಂಘದ ಸದಸ್ಯೆಯರಿಗೆ ತಲಾ 40 ಸಾವಿರದ ತನಕ ಬೀಜಧನ ಎಂಬುದು ಅದರ ಸಾರ. ಈಗಿನ ಸ್ಥಿತಿಯನ್ನು ಕೃಷಿ ಇಲಾಖೆಯ ಕಚೇರಿಯಲ್ಲಿ ಕೇಳಿ ತಿಳಿಯಬಹುದು. ಸಹಾಯಧನ ಉಂಟು ಅಂತ ಯಂತ್ರ ತರುವುದು ಬೇಡ. ಕೈಯಲ್ಲಿ ಮಾಡಿದ್ದು ಎರಡು ಮಳೆಗಾಲ ಪೂರ್ತಿ ಖರ್ಚಾದ ಮೇಲೆ ಯಂತ್ರದ ಯೋಚನೆ ಮಾಡಿದರೆ ಸಾಕು. ಸಾಲದ ಕಂತಿಗೆ ಮಳೆ ಬಿಸಿಲು ಗೊತ್ತಿಲ್ಲ.

ಎಷ್ಟಕ್ಕೆ ನಿಲ್ಲಿಸಬೇಕು

ಒಂದು ಬೇಸಗೆಯಲ್ಲಿ ನಾವು 20 ಸುತ್ತು ಮಾಡುತ್ತೇವೆ. 80 ಕಾಯಿ, 220 ಕಟ್ಟು, 320 ಗಂಟೆ. ಕೂಲಿಯ ಬಾಬ್ತು ರೂ. 16,000. ಅರ್ಧ ಅಂಗಡಿಗೆ, ಅರ್ಧ ನೇರ ಹೋದರೆ ಅದರ ಮೇಲೆ ಉಳಿಯುವುದು ರೂ. 4,180. ಒಟ್ಟು 20 ಸಾವಿರದ ಸ್ವಲ್ಪ ಮೇಲೆ, ಮೂರು ಜನಕ್ಕೆ. ತೋಟಕ್ಕೆ ಕಾಯಿಯ ಬಾಬ್ತು ರೂ. 2,400 ಬೇರೆ. ಇದರಿಂದ ಯಾರೂ ಶ್ರೀಮಂತರಾಗುವುದಿಲ್ಲ. ಮಕ್ಕಳ ಶಾಲೆಯ ಪುಸ್ತಕ, ಚೀಲ, ಕೊಡೆಯ ಖರ್ಚಿಗೆ ಅಡಿಕೆ ಮಾರುವ ತನಕ ಕಾಯಬೇಕಾಗಿಲ್ಲ. ಅತ್ತೆಯವರ ಔಷಧಿಗೆ ಅವರು ಯಾರನ್ನೂ ಕೇಳಬೇಕಾಗಿಲ್ಲ.

ಬೇಡಿಕೆ ಇನ್ನೂ ಉಂಟು. 40 ಸುತ್ತು ಮಾಡಿ ಅಂತ ಹೇಳುವವರೂ ಇದ್ದಾರೆ. ನಾವು 20ಕ್ಕೆ ನಿಲ್ಲಿಸುತ್ತೇವೆ. ದಿನವಿಡೀ ಕೂತು ಕೊರೆದರೆ ಸೊಂಟ ಹಿಡಿಯುತ್ತದೆ, ಮೇಣ ಹಿಡಿದ ಕೈ ಉರಿಯುತ್ತದೆ. ಮೂವರೂ ಮಾತಾಡುತ್ತಾ ನಗುತ್ತಾ ಮಾಡುವ ಕೆಲಸ 40 ಸುತ್ತಾದರೆ ಮುಖ ಗಂಟು ಹಾಕಿ ಮಾಡುವ ಕೆಲಸ ಆದೀತು. ಇಷ್ಟದಿಂದ ಶುರು ಮಾಡಿದ್ದರಲ್ಲಿ ಇಷ್ಟ ಉಳಿಸಿಕೊಳ್ಳುವುದೂ ಲೆಕ್ಕದ ಒಂದು ಭಾಗ. ಹೆಚ್ಚು ಬೇಕಾದರೆ ಕೈಗಳು ಹೆಚ್ಚಾಗಬೇಕು. ಲಿಜ್ಜತ್‌ನಲ್ಲಿ ಕಲಸಿದ ಹಿಟ್ಟನ್ನು ಹೆಂಗಸರು ಮನೆಗೆ ಒಯ್ದು, ಲಟ್ಟಿಸಿ ಒಣಗಿಸಿದ್ದನ್ನು ತಂದು ಒಪ್ಪಿಸಿ, ತೂಕದ ಲೆಕ್ಕದಲ್ಲಿ ಹಣ ತೆಗೆದುಕೊಳ್ಳುತ್ತಾರೆ. ಹಿಟ್ಟು ಒಂದು ಕಡೆ, ಕೈ ಹತ್ತು ಕಡೆ, ಗುಣ ಒಂದೇ. ನಮ್ಮ ಊರಿನ ಸ್ವಸಹಾಯ ಸಂಘಗಳಿಗೆ ಈ ಕ್ರಮ ಚೆನ್ನಾಗಿ ಹೊಂದೀತು.

ಮನೆಯ ಗಂಡಸರಿಗೆ ಎರಡು ಮಾತು

ಈ ಪತ್ರಿಕೆ ಮೊದಲು ಬಿಚ್ಚುವುದು ಹೆಚ್ಚಾಗಿ ಗಂಡಸರು. ಆದ ಕಾರಣ ಅವರಿಗೂ ಹೇಳುತ್ತೇನೆ. ಮರ ಹತ್ತಿ ಕಾಯಿ ಇಳಿಸಿ ಕೊಡುವುದು, ಕೊರೆದು ಕೊಡುವುದು ಮಾಡಿದರೆ ಗಂಟೆಯ ಪಟ್ಟಿಯಲ್ಲಿ ಮೊದಲ ಸಾಲೇ ಅರ್ಧ ಆಗುತ್ತದೆ. ಹಪ್ಪಳದ ದಿನ ಮಧ್ಯಾಹ್ನಕ್ಕೆ ಗಂಜಿ ಚಟ್ನಿ ಸಾಕು ಅಂತ ಮೊದಲೇ ಹೇಳಿದರೆ ಇನ್ನೂ ಉಪಕಾರ. ಹಪ್ಪಳದ ದುಡ್ಡು ಹಪ್ಪಳ ಮಾಡಿದವರ ಹೆಸರಿನ ಖಾತೆಗೆ ಬರಲಿ. ಮನೆಗೆ ಕಷ್ಟ ಬಂದಾಗ ಅವರೇ ತೆಗೆದು ಕೊಡುತ್ತಾರೆ, ಯಾವ ತಾಯಿಯೂ ಕಟ್ಟಿ ಇಟ್ಟುಕೊಳ್ಳುವುದಿಲ್ಲ. ಆದರೆ ಕೊಡುವ ಕೈ ಅವರದ್ದಾಗಿರಲಿ.

ಶುರು ಮಾಡುವವರಿಗೆ ನನ್ನ ಸಲಹೆ ಇಷ್ಟೇ. 100 ಪುಟದ ಒಂದು ನೋಟು ಪುಸ್ತಕ ತನ್ನಿ. ಎಡಗಡೆ ದುಡ್ಡು, ಬಲಗಡೆ ಗಂಟೆ. ನಿಮ್ಮ ಕೈ ಪಳಗಿದ ವಸ್ತುವನ್ನು ಎರಡು ಸುತ್ತು ಮಾಡಿ, ಎರಡೂ ಕಡೆ ಬರೆಯಿರಿ. ಅಸಲು ಗೊತ್ತಾದ ಮೇಲೆ ಬೆಲೆ ಹೇಳಿ. ಕಡಿಮೆ ಮಾಡಿ ಅಂತ ಕೇಳುವವರಿಗೆ ಬಲಗಡೆಯ ಪುಟ ತೋರಿಸಿ. ಮಿಡಿ, ಮಲ್ಲಿಗೆ, ಹೊಲಿಗೆ, ರೊಟ್ಟಿ ಯಾವುದೇ ಇರಲಿ, ಹೀಗೆ ಗಂಟೆ ಸಮೇತ ಬರೆದ ಲೆಕ್ಕ ಇದ್ದವರು ಪತ್ರಿಕೆಗೆ ಕಳಿಸಿದರೆ ಉಳಿದವರಿಗೆ ಬೆಲೆ ಕಟ್ಟಲು ದಾರಿ ಆಗುತ್ತದೆ.